ಕರಿ ಹಂದಿ, ಬಿಳಿ ಹಂದಿ: ನಮ್ಮ ಹಟ್ಟಿಗೆ ಯಾವ ತಳಿ?



ಈಚೆಗೆ ಸಂಘದ ಹುಡುಗರು ನಾಲ್ಕು ಜನ ಕೂತ ಕಡೆ ಒಂದು ಮಾತು ಬರ್ತಾ ಐತೆ. "ಅಣ್ಣಾ, ಮನೆ ಬಾಡಿಗೆ ಅಂತ ಎರಡು ಹಂದಿ ಸಾಕೋಣ ಅಂತಿದೀವಿ. ಯಾವ ಜಾತಿದು ತರೋದು?" ಸರ್ಕಾರದ ಪುಸ್ತಕದಲ್ಲಿ ತಳಿ ಅಂತ ಬರೀತಾರೆ, ಸಂತೇಲಿ ಮಾತ್ರ ಎಲ್ಲರೂ ಜಾತಿ ಅಂತಲೇ ಕೇಳ್ತಾರೆ. ಜಾತಿಯಿಂದ ಇಷ್ಟು ಪೆಟ್ಟು ತಿಂದ ನಾವೂ ಹಂದಿಯ ಜಾತಿ ಕೇಳಿಯೇ ಬೆಲೆ ಕಟ್ತೀವಿ. ಬಿಳಿದಾದರೆ ಹೆಚ್ಚು, ಕರಿದಾದರೆ ಕಮ್ಮಿ. ಈ ಲೆಕ್ಕ ಎಲ್ಲಿಂದ ಬಂತು ಅನ್ನೋದು ಗೊತ್ತಾದರೆ ಯಾವುದನ್ನ ತರಬೇಕು ಅನ್ನೋದೂ ತಾನಾಗೇ ಗೊತ್ತಾಗ್ತದೆ. ಅದಕ್ಕೇ ಈ ಸಂಚಿಕೆಗೆ ಹಂದಿಯ ಚರಿತ್ರೆಯನ್ನೇ ಬರೆದಿದ್ದೇನೆ. ಮೂಗು ಮುರೀಬೇಡಿ, ಪೂರ್ತಿ ಓದಿ.

ರಾಜರ ಕಾಲದಲ್ಲಿ

ಕಾಡುಹಂದಿಯನ್ನು ಮನುಷ್ಯ ಪಳಗಿಸಿ ಸುಮಾರು ಒಂಬತ್ತು ಹತ್ತು ಸಾವಿರ ವರ್ಷ ಆಗಿದೆ. ಈಗಿನ ತುರ್ಕಿ ದೇಶದ ಕಡೆ ಒಂದು ಸಲ, ಚೀನಾದ ಕಡೆ ಇನ್ನೊಂದು ಸಲ, ಬೇರೆ ಬೇರೆಯಾಗಿ ಈ ಕೆಲಸ ನಡೆಯಿತು ಅಂತ ವಿಜ್ಞಾನಿಗಳು ಹೇಳ್ತಾರೆ. ನಮ್ಮ ಕನ್ನಡ ಸೀಮೆಯಲ್ಲಿ ಹಂದಿ ಮೊದಲು ರಾಜರ ಲಾಂಛನವಾಗಿಯೇ ಕಾಣ್ತದೆ. ಬಾದಾಮಿ ಚಾಲುಕ್ಯರ ಮುದ್ರೆ ವರಾಹ. ವಿಜಯನಗರದವರ ಮುದ್ರೆಯೂ ವರಾಹ, ಅವರ ಚಿನ್ನದ ನಾಣ್ಯದ ಹೆಸರೂ ವರಾಹ.

ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲಿನ ಕತೆ ನೀವು ಕೇಳಿರಬಹುದು. ಕ್ರಿ.ಶ. 949-50ರ ಕಲ್ಲು ಅದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಹತ್ತಿರ ಮಣಲೆರ ಅನ್ನೋ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಅನ್ನೋ ಬೇಟೆನಾಯಿಯನ್ನು. ಬೆಳತೂರಿನ ಗುಡ್ಡದಲ್ಲಿ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಎರಡೂ ಕಾದಾಡಿ ಎರಡೂ ಸತ್ತವು. ನಾಯಿಯ ಹೆಸರಲ್ಲಿ ಕಲ್ಲು ನಿಲ್ಲಿಸಿ, ಪೂಜೆಗೆ ಗೊರವನನ್ನು ನೇಮಿಸಿ, ಭೂಮಿ ಬಿಟ್ಟರು. ಹಂದಿಯ ಎದುರು ಹೋರಾಡಿದ ನಾಯಿಗೂ ಹೊಲ ಸಿಕ್ಕಿದ ಕಾಲ ಅದು. ಆಗ ನಮ್ಮ ಪಕ್ಕದ ಹೇಮಾವತಿ ಹೆಂಜೇರು ಅನ್ನೋ ಹೆಸರಿನ ನೊಳಂಬರ ರಾಜಧಾನಿ. ಆ ಹೊತ್ತಲ್ಲಿ ನಮ್ಮ ಹಿರೀಕರಿಗೆ ಎಷ್ಟು ಹೊಲ ಇತ್ತು ಅಂತ ಯಾವ ಕಲ್ಲೂ ಹೇಳೋದಿಲ್ಲ.

ಇನ್ನೂ ಈಚೆಗೆ ಬನ್ನಿ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಡೊಮಿಂಗೋ ಪಾಯಸ್ ಅನ್ನೋ ಪೋರ್ಚುಗೀಸರವನು ವಿಜಯನಗರಕ್ಕೆ ಬಂದಿದ್ದ. ಪೇಟೆಯ ಮಾಂಸದ ಅಂಗಡಿಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಕೆಲವು ಬೀದಿಗಳಲ್ಲಿ ಕಟುಕರ ಮನೆಯಲ್ಲೇ ಹಂದಿ ಸಾಕಿದ್ದರು, ಅವು ಎಷ್ಟು ಬಿಳುಪಾಗಿ ಚೊಕ್ಕಟವಾಗಿದ್ದವು ಅಂದರೆ ಯಾವ ದೇಶದಲ್ಲೂ ಅದಕ್ಕಿಂತ ಚೆನ್ನಾದವು ಸಿಗವು ಅಂತ ಅವನ ಮಾತಿನ ತಾತ್ಪರ್ಯ. ಒಂದು ಹಂದಿಗೆ ನಾಲ್ಕೈದು ಹಣ ಬೆಲೆ. ಅವನ ನಂತರ ಬಂದ ನೂನಿಜ್, ರಾಜರೇ ಹಂದಿ ಮಾಂಸ ತಿನ್ನುತ್ತಿದ್ದರು ಅಂತ ಬರೆದಿದ್ದಾನೆ. ನಮ್ಮ ಪೆನುಕೊಂಡ, ರಾಯದುರ್ಗ, ಆದೋನಿ ಎಲ್ಲವೂ ಅದೇ ರಾಜ್ಯದ ಕೋಟೆಗಳು.

ಇದರಿಂದ ಎರಡು ವಿಷಯ ಗೊತ್ತಾಗ್ತದೆ. ಒಂದು, ಹಂದಿ ಮಾಂಸ ಈ ನೆಲದಲ್ಲಿ ಯಾವಾಗಲೂ ಕೀಳು ಊಟ ಆಗಿರಲಿಲ್ಲ. ಎರಡು, ಮನೆಯೊಳಗೆ ಕಟ್ಟಿ, ಚೊಕ್ಕವಾಗಿ ಸಾಕೋ ಪದ್ಧತಿ ಇಂಗ್ಲಿಷರು ಕಲಿಸಿದ್ದಲ್ಲ, ಐನೂರು ವರ್ಷದ ಹಿಂದೆಯೇ ಇತ್ತು.

ಹಂದಿ ಸಾಕಿದವರ ಪಾಡು

ಹಾಗಾದರೆ ಕೀಳು ಅನ್ನೋ ಮಾತು ಎಲ್ಲಿಂದ ಬಂತು? ಕೊಡಗಿನಲ್ಲಿ ಮದುವೆಗೆ ಹಂದಿ ಸಾರು ಬೇಕೇ ಬೇಕು. ಗೋವಾದಲ್ಲಿ ಹಬ್ಬಕ್ಕೆ ಹಂದಿ. ಬೆಂಗಳೂರಿನ ದೊಡ್ಡ ಹೋಟೆಲಲ್ಲಿ ಅದೇ ಮಾಂಸಕ್ಕೆ ಹೆಸರು ಬದಲಾಯಿಸಿ ಬಿಲ್ಲು ಕೊಡ್ತಾರೆ. ತಿಂದವರಿಗೆ ಅಲ್ಲೆಲ್ಲ ಅವಮಾನ ಇಲ್ಲ. ಹಟ್ಟಿಯಲ್ಲಿ ಸಾಕಿದವರಿಗೆ, ಕೇರಿಯಲ್ಲಿ ಬೇಯಿಸಿದವರಿಗೆ ಮಾತ್ರ ಅವಮಾನ. ಅಂದಮೇಲೆ ಮೈಲಿಗೆ ಇರೋದು ಬಾಡಲ್ಲಿ ಅಲ್ಲ, ಅದನ್ನು ಕಂಡ ಕಣ್ಣಲ್ಲಿ.

ನಮ್ಮ ಸೀಮೆಯಲ್ಲಿ ಹಂದಿಯನ್ನು ತಲೆತಲಾಂತರದಿಂದ ಸಾಕಿಕೊಂಡು ಬಂದವರಲ್ಲಿ ಕೊರಮರು, ಕೊರಚರು ಮೊದಲಿಗರು. ತೆಲುಗಿನಲ್ಲಿ ಅವರನ್ನೇ ಎರುಕುಲ ಅಂತಾರೆ. ಇವರು ಮೊದಲು ಬರೀ ಹಂದಿಯನ್ನು ನಂಬಿದವರಲ್ಲ. ಕತ್ತೆ, ಎತ್ತುಗಳ ಮೇಲೆ ಕರಾವಳಿಯ ಉಪ್ಪು ಹೇರಿಕೊಂಡು ಬಂದು, ಊರೂರಲ್ಲಿ ಮಾರಿ, ಕಾಳುಕಡಿ ಹೇರಿಕೊಂಡು ಹೋಗುತ್ತಿದ್ದ ವ್ಯಾಪಾರಿಗಳು. ಬ್ರಿಟಿಷರ ಉಪ್ಪಿನ ಕಾನೂನು ಬಂತು, ರೈಲು ಬಂತು, ಆ ವ್ಯಾಪಾರ ಮುರಿಯಿತು. ಬುಟ್ಟಿ, ಪೊರಕೆ, ಹಂದಿ ಉಳಿದವು. ಅಲೆದಾಡುವವರನ್ನು ಕಂಡರೆ ಸರ್ಕಾರಕ್ಕೆ ಅನುಮಾನ. 1871ರಲ್ಲಿ ಹುಟ್ಟಿದ ಅಪರಾಧಿ ಬುಡಕಟ್ಟು ಕಾಯ್ದೆ 1911ರ ಹೊಸ ರೂಪದಲ್ಲಿ ಮದರಾಸು ಪ್ರಾಂತ್ಯಕ್ಕೂ ಬಂತು. ಹುಟ್ಟಿನಿಂದಲೇ ಕಳ್ಳರು ಅಂತ ಹೆಸರು ಬರೆಸಿ, ಪೊಲೀಸರ ಮುಂದೆ ಹಾಜರಿ ಹಾಕಬೇಕಾಯಿತು. ಬಾಪಟ್ಲ ಹತ್ತಿರದ ಸ್ಟುವರ್ಟ್‌ಪುರಂನಂಥ ಕಾಲೋನಿಗಳಲ್ಲಿ ಕೂಡಿಹಾಕಿದರು. ಆ ಕಾಯ್ದೆ ದೇಶದ ಮೇಲಿಂದ ಪೂರ್ತಿ ಹೋದದ್ದು 1952ರಲ್ಲಿ.

ಗಡಿಯ ಆಟ ನೋಡಿ. ಇವರನ್ನೇ ಕರ್ನಾಟಕದಲ್ಲಿ ಕೊರಮ, ಕೊರಚ ಅಂತ ಪರಿಶಿಷ್ಟ ಜಾತಿಯ ಪಟ್ಟಿಗೆ ಹಾಕಿದರು, ಆಂಧ್ರದಲ್ಲಿ ಎರುಕುಲ ಅಂತ ಪರಿಶಿಷ್ಟ ಪಂಗಡದ ಪಟ್ಟಿಗೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ, ರಾಯದುರ್ಗ ಆದೋನಿ ಆಲೂರು ಆಂಧ್ರಕ್ಕೆ ಅಂತ ಗೆರೆ ಎಳೆದಾಗ, ನಮ್ಮ ಮಡಕಶಿರಾ ಮೂರು ಕಡೆ ಕರ್ನಾಟಕ ಇದ್ದೂ ಆಂಧ್ರದಲ್ಲೇ ಉಳಿಯಿತು. ಪಾವಗಡದ ಕಡೆ ಮಗಳನ್ನು ಕೊಟ್ಟ ಮನೆಯವರಿಗೂ ಇಲ್ಲಿಯವರಿಗೂ ಸರ್ಟಿಫಿಕೇಟು ಬೇರೆ ಬೇರೆ. ಹಂದಿಗೆ ಮಾತ್ರ ಗಡಿ ಗೊತ್ತಿಲ್ಲ, ಶಿರಾ ಮಧುಗಿರಿ ಕಡೆಯ ಮರಿ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ.

ಹೊಲಸು ಯಾರದು?

"ಹಂದಿ ಹೊಲಸು ತಿನ್ನುತ್ತೆ" ಅಂತ ನಮ್ಮ ಮುಖಕ್ಕೇ ಹೇಳೋರಿದ್ದಾರೆ. ಅದಕ್ಕೆ ಉತ್ತರ ನಮಗೆ ಗೊತ್ತಿರಬೇಕು. ಊರಿಗೆಲ್ಲ ಬಯಲೇ ಕಕ್ಕಸು ಆಗಿದ್ದಾಗ ಆ ಹೊಲಸನ್ನು ತೆಗೆಯೋ ಕೆಲಸ ಬಿದ್ದದ್ದು ಎರಡು ಜೀವಗಳ ಮೇಲೆ. ಒಂದು ನಮ್ಮವರು, ಇನ್ನೊಂದು ಹಂದಿ. ಮಾಡಿದವರು ಶುದ್ಧ, ತೆಗೆದವರು ಹೊಲಸು ಅಂತಾಯಿತು.

ಇದರ ಹಿಂದೆ ಒಂದು ರೋಗದ ವಿಚಾರವೂ ಐತೆ, ಮುಚ್ಚಿಡಬಾರದು. ಲಾಡಿ ಹುಳು ಮನುಷ್ಯನ ಕರುಳಲ್ಲಿ ಇರೋ ಹುಳು. ಅದರ ಮೊಟ್ಟೆ ಮನುಷ್ಯನ ಮಲದಲ್ಲಿ ಹೊರಗೆ ಬರ್ತದೆ. ಆ ಮಲ ತಿಂದ ಹಂದಿಯ ಮಾಂಸದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಬಿಳಿ ಗುಳ್ಳೆಗಳಾಗ್ತವೆ. ಸರಿಯಾಗಿ ಬೇಯದ ಆ ಬಾಡು ತಿಂದವರ ಕರುಳಲ್ಲಿ ಮತ್ತೆ ಹುಳು. ಇನ್ನೂ ಕೆಟ್ಟದ್ದು ಏನಂದರೆ, ಮೊಟ್ಟೆ ನೇರವಾಗಿ ನೀರಿನಲ್ಲೋ ಹಸಿ ತರಕಾರಿಯಲ್ಲೋ ಮನುಷ್ಯನ ಹೊಟ್ಟೆಗೆ ಹೋದರೆ ಹುಳದ ಮರಿ ಮೆದುಳಿಗೆ ಸೇರಿ ಮೂರ್ಛೆರೋಗ ತರ್ತದೆ. ಜನ್ಮದಲ್ಲಿ ಹಂದಿ ಮುಟ್ಟದವರಿಗೂ ಇದು ಬರ್ತದೆ. ಅಂದರೆ ಈ ರೋಗದ ಬೇರು ಹಂದಿಯಲ್ಲಿಲ್ಲ, ಬಯಲಲ್ಲಿ ಐತೆ. ಕಕ್ಕಸು ಕಟ್ಟಿಸಿ, ಹಂದಿಯನ್ನು ಗೂಡಲ್ಲಿ ಕಟ್ಟಿ, ಬಾಡನ್ನು ಚೆನ್ನಾಗಿ ಬೇಯಿಸಿದರೆ ಆ ಸುತ್ತು ಅಲ್ಲಿಗೇ ಕಡಿಯುತ್ತೆ. ಆದ್ದರಿಂದ ತಳಿ ಯಾವುದೇ ಇರಲಿ, ಬೀದಿಗೆ ಬಿಟ್ಟು ಸಾಕೋದು ಇನ್ನು ಬೇಡ. ಇದು ಊರವರು ಬೈತಾರೆ ಅಂತ ಅಲ್ಲ, ನಮ್ಮ ಮಕ್ಕಳಿಗಾಗಿ.

ಬಿಳಿ ಹಂದಿಯ ಹುಟ್ಟು

ನಾವು ಸೀಮೆ ಹಂದಿ ಅಂತ ಕರೆಯೋ ಬಿಳಿ ಹಂದಿಯ ಸರಿಯಾದ ಹೆಸರು ಲಾರ್ಜ್ ವೈಟ್ ಯಾರ್ಕ್‌ಶೈರ್. ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯದ್ದು. ಇದನ್ನು ಯಾವುದೋ ಜಮೀನ್ದಾರ ಮಾಡಿದ್ದಾನೆ ಅಂದುಕೊಂಡಿದ್ದರೆ ತಪ್ಪು. ಕೀತ್ಲಿ ಅನ್ನೋ ಊರಿನ ಜೋಸೆಫ್ ಟೂಲಿ ಒಬ್ಬ ನೇಕಾರ, ಮಗ್ಗದ ಕೂಲಿಯವನು. 1851ರಲ್ಲಿ ವಿಂಡ್ಸರ್‌ನಲ್ಲಿ ನಡೆದ ರಾಯಲ್ ಕೃಷಿ ಮೇಳಕ್ಕೆ ತಾನು ಸಾಕಿದ ಬಿಳಿ ಹಂದಿಗಳನ್ನು ತಂದು ತೋರಿಸಿದ. ದೊಡ್ಡ ದೊಡ್ಡ ಸಾಹುಕಾರರು ಬೆರಗಾದರು. ಅಲ್ಲಿಂದ ಈ ತಳಿಗೆ ಹೆಸರಾಯಿತು. 1884ರಲ್ಲಿ ತಳಿಯ ವಂಶಾವಳಿ ಪುಸ್ತಕವೂ ಶುರುವಾಯಿತು. ಇವತ್ತು ಲೋಕದ ಮೂಲೆಮೂಲೆಯಲ್ಲಿರೋ ಈ ತಳಿಗೆ ಹೆಸರು ತಂದದ್ದು ಕೂಲಿಯವನ ಮನೆಯ ಹಂದಿಗಳು.

ಇನ್ನೂ ಒಂದು ಮಾತು. ಅದಕ್ಕೆ ಮೊದಲು ಹಡಗುಗಳಲ್ಲಿ ಚೀನಾದ ಕಡೆಯ ಹಂದಿಗಳು ಇಂಗ್ಲೆಂಡಿಗೆ ಹೋಗಿದ್ದವು. ಬೇಗ ಕೊಬ್ಬೋ ಗುಣ ಅವಕ್ಕಿತ್ತು. ಅಲ್ಲಿಯ ಉದ್ದ ಕಾಲಿನ ಹಳೇ ಹಂದಿಗೂ ಇವಕ್ಕೂ ಬೆರಕೆ ಆಗಿಯೇ ಹೊಸ ತಳಿಗಳು ಬಂದವು. ಶುದ್ಧ ವಿಲಾಯಿತಿ ಅಂತ ನಾವು ಬೆಲೆ ಕೊಡೋ ಹಂದಿಯ ಮೈಯಲ್ಲಿ ಏಷ್ಯಾದ ರಕ್ತ ಐತೆ. ಬೆರಕೆಯೇ ಅದರ ಬಲ.

ಆ ಕಾಲದ ಇಂಗ್ಲೆಂಡಿನ ಬಡವರು ಮನೆ ಹಿಂದೆ ಒಂದು ಹಂದಿ ಕಟ್ಟಿ, ಮುಸುರೆ, ಆಲೂಗಡ್ಡೆ ಸಿಪ್ಪೆ ಹಾಕಿ ಬೆಳೆಸಿ, ಚಳಿಗಾಲಕ್ಕೆ ಕೊಯ್ದು ಉಪ್ಪು ಹಾಕಿ ಇಟ್ಟುಕೊಳ್ಳುತ್ತಿದ್ದರು. ಹಂದಿ ಸತ್ತರೆ ಆ ಮನೆ ಮುಳುಗಿತು. ಅದಕ್ಕೆ ಊರೂರಲ್ಲಿ ಹಂದಿ ಕ್ಲಬ್ಬು ಅಂತ ಮಾಡಿಕೊಂಡಿದ್ದರು. ಪ್ರತಿಯೊಬ್ಬರೂ ಚಿಲ್ಲರೆ ದುಡ್ಡು ಕಟ್ಟೋದು, ಯಾರ ಹಂದಿ ಸತ್ತರೂ ಆ ನಿಧಿಯಿಂದ ಹೊಸ ಮರಿಗೆ ಕೊಡೋದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ನಮ್ಮ ಕಡೆಗೆ ಬಂದದ್ದು

ಸ್ವಾತಂತ್ರ್ಯ ಬಂದ ಮೇಲೆ ಪಂಚವಾರ್ಷಿಕ ಯೋಜನೆಗಳಲ್ಲಿ ಸರ್ಕಾರ ಹಂದಿಯ ಕಡೆ ನೋಡಿತು. ಅಲಿಗಢ, ಹರಿಂಗಾಟ, ಬೋರಿವಲಿ, ರಾಂಚಿ, ಕೇರಳದ ಕೂತ್ತಾಟ್ಟುಕುಳಂ, ನಮ್ಮ ರಾಜ್ಯದ ಗನ್ನವರಂ, ಇಲ್ಲೆಲ್ಲ ಹಂದಿ ಮಾಂಸದ ಕಾರ್ಖಾನೆ, ಅದರ ಜೊತೆಗೆ ತಳಿ ಕೇಂದ್ರ ಬಂದವು. ವಿಲಾಯಿತಿ ಹಂದಿ ತರಿಸಿ, ಮರಿ ಮಾಡಿ ಹಂಚಿದರು. ಪೇಟೆಗೆ ಬೇಕಾದ ಕೊಬ್ಬು ಕಮ್ಮಿ ಇರೋ ಮಾಂಸ ಅವರ ಗುರಿ. ನಾಟಿ ಹಂದಿ ಸಾಕುತ್ತಿದ್ದವನ ಕೈಗೆ ತೀಟೆ ತೀರಿಸೋಕೂ ಆಗದ ದೊಡ್ಡ ಹಂದಿ ಬಂತು. ಮೇವು ಕೊಂಡು ತರೋಕೆ ದುಡ್ಡಿಲ್ಲ. ಎಷ್ಟೋ ಕಡೆ ಅದು ಸೊರಗಿ ಸತ್ತಿತು.

1970-71ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಹಂದಿಗಾಗಿ ಅಖಿಲ ಭಾರತ ಸಂಶೋಧನಾ ಯೋಜನೆ ಶುರು ಮಾಡಿತು. ನಮಗೆ ಹತ್ತಿರದ ಕೇಂದ್ರ ತಿರುಪತಿಯದು. ಮುಕ್ಕಾಲು ಭಾಗ ಲಾರ್ಜ್ ವೈಟ್, ಕಾಲು ಭಾಗ ನಾಟಿ ಸೇರಿಸಿ ಅಲ್ಲಿ ಟಿ-17 ಅನ್ನೋ ಬೆರಕೆ ತಳಿ ಬಂತು. ರಾಂಚಿಯವರು ಕೆಂಚು ಬಣ್ಣದ ಟ್ಯಾಮ್‌ವರ್ತ್‌ಗೂ ಅಲ್ಲಿಯ ನಾಟಿಗೂ ಸಮಸಮ ಬೆರಸಿ ಝಾರ್‌ಸುಕ್ ಅನ್ನೋದು ಮಾಡಿದರು, ಅದು ಕರಿ ಹಂದಿ, ಯಾಕಂದರೆ ಅಲ್ಲಿಯ ಜನ ಕರಿದನ್ನೇ ಕೇಳಿದರು. ಗುವಾಹಟಿ ಹತ್ತಿರದ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರದವರು ಬಂಗಾಳದ ಘುಂಗ್ರೂ ಮತ್ತು ಹ್ಯಾಂಪ್‌ಶೈರ್ ಬೆರಸಿ ರಾಣಿ ಅಂತ ಹೆಸರಿಟ್ಟರು. ಕೊನೆಗೆ ವಿಜ್ಞಾನಿಗಳೂ ಒಪ್ಪಿದ್ದು ಏನಪ್ಪಾ ಅಂದರೆ, ನಾಟಿ ರಕ್ತ ಇಲ್ಲದೆ ಬಡವರ ಮನೆಯಲ್ಲಿ ಹಂದಿ ಬಾಳೋದು ಕಷ್ಟ.

ಈಗ ನಿಮ್ಮ ಪ್ರಶ್ನೆಗೆ

ನಾಟಿ ಕರಿ ಹಂದಿ ಒಂದು ಸೂಲಿಗೆ ನಾಲ್ಕರಿಂದ ಎಂಟು ಮರಿ ಹಾಕ್ತದೆ. ವರ್ಷ ತುಂಬಿದರೂ ನಲವತ್ತು ಕಿಲೋ ಆಸುಪಾಸು. ಆದರೆ ಬಿಸಿಲು ತಡೀತದೆ, ಒರಟು ಮೇವು ಅರಗಿಸಿಕೊಳ್ತದೆ, ಮರಿಗಳನ್ನು ತಾನೇ ಜೋಪಾನ ಮಾಡ್ತದೆ. ನೆಣ ಜಾಸ್ತಿ, ರುಚಿ ಜಾಸ್ತಿ. ಶುದ್ಧ ಬಿಳಿ ಹಂದಿ ಒಂಬತ್ತು ಹತ್ತು ಮರಿ ಹಾಕ್ತದೆ, ಹೊಟ್ಟೆ ತುಂಬ ಹಾಕಿದರೆ ಎಂಟು ತಿಂಗಳಿಗೆ ಎಂಬತ್ತು ಕಿಲೋ ತೂಗ್ತದೆ. ಆದರೆ ಹಂದಿಗೆ ಬೆವರು ಬರೋದಿಲ್ಲ. ನಮ್ಮ ಅನಂತಪುರ ಸೀಮೆಯ ಬೇಸಿಗೆಯಲ್ಲಿ ನೆರಳು, ನೀರು ಇಲ್ಲದಿದ್ದರೆ ಬಿಳಿ ಚರ್ಮ ಸುಟ್ಟು ಕೆಂಪಾಗ್ತದೆ, ತಿನ್ನೋದು ಬಿಡ್ತದೆ. ಉಳಿದವು, ಕಿವಿ ಜೋತ ಡೆನ್ಮಾರ್ಕಿನ ಲ್ಯಾಂಡ್‌ರೇಸ್, ಕೆಂಚು ಬಣ್ಣದ ಅಮೆರಿಕದ ಡ್ಯುರಾಕ್, ಇವೆಲ್ಲ ದೊಡ್ಡ ಫಾರಂಗಳಿಗೆ ಬೆರಕೆ ಮಾಡೋಕೆ ಸರಿ, ಹಟ್ಟಿಗಲ್ಲ.

ಮೇವಿನ ಲೆಕ್ಕ ಹಾಕಿ. ಬಿಳಿ ಅಥವಾ ಬೆರಕೆ ಹಂದಿ ಒಂದು ಕಿಲೋ ಬೆಳೆಯೋಕೆ ಮೂರೂವರೆಯಿಂದ ನಾಲ್ಕು ಕಿಲೋ ಒಣ ಮೇವು ಬೇಕು. ಹನ್ನೆರಡು ಕಿಲೋ ಮರಿ ಎಂಬತ್ತು ಕಿಲೋ ಆಗಬೇಕಾದರೆ ಹೆಚ್ಚುಕಮ್ಮಿ ಎರಡೂವರೆ ಕ್ವಿಂಟಾಲ್. ಒಂದು ಮನೆಯ ಮುಸುರೆ ಅದಕ್ಕೆ ಸಾಲದು. ಎಲ್ಲ ಮೇವೂ ಅಂಗಡಿಯಿಂದ ತಂದರೆ ಬಾಡು ಪೇಟೆಗಿಂತ ಅಗ್ಗ ಆಗೋದಿಲ್ಲ. ಆದರೆ ನಮ್ಮ ಕಡೆ ತೌಡು, ರಾಗಿ ಬೂಸಾ, ಮುರುಕು ಜೋಳ, ಕಡ್ಲೆಕಾಯಿ ಹಿಂಡಿ ಸಿಗ್ತದೆ. ರೇಷ್ಮೆ ಬಿಚ್ಚೋ ಕಡೆ ಹುಳ ಒಣಗಿಸಿ ಕೊಟ್ಟರೆ ಅದರಂಥ ಪುಷ್ಟಿ ಇನ್ನೊಂದಿಲ್ಲ. ಹಾಕೋ ಹಿಪ್ಪುನೇರಳೆ ಸೊಪ್ಪಿಗೆ ಔಷಧಿ ಹೊಡೆದಿಲ್ಲ ಅನ್ನೋದು ನೋಡ್ಕೋಬೇಕು ಅಷ್ಟೆ.

ಇನ್ನು ಯಾರೂ ಹೇಳದ ಲೆಕ್ಕ ಒಂದೈತೆ, ಎಷ್ಟು ಮನೆ ತಿನ್ನಬೇಕು ಅನ್ನೋದು. ಎಂಬತ್ತು ಕಿಲೋ ಹಂದಿ ಕೊಯ್ದರೆ ಮೂಳೆ ಸೇರಿ ಐವತ್ತೈದು ಕಿಲೋ ಮೇಲೆ ಬಾಡು. ಫ್ರಿಜ್ಜು ಇಲ್ಲದ ಹಟ್ಟಿಯಲ್ಲಿ ಅದು ಒಂದೇ ದಿನಕ್ಕೆ ಮೂವತ್ತು ಮನೆಗೆ ಗುಡ್ಡೆ ಹಾಕೋ ಲೆಕ್ಕ. ಮೂವತ್ತು ಮನೆ ದುಡ್ಡು ಕೊಡ್ತಾವಾ, ಬಾಕಿ ನಿಲ್ಲಿಸ್ತಾವಾ? ನಲವತ್ತು ಕಿಲೋ ಕರಿ ಹಂದಿ ಹತ್ತು ಹನ್ನೆರಡು ಮನೆಗೆ ಸರಿಯಾಗಿ ಒಂದು ಹಬ್ಬ. ನಮ್ಮ ಹಿರೀಕರು ಸಣ್ಣ ಹಂದಿಯನ್ನೇ ಯಾಕೆ ಉಳಿಸಿಕೊಂಡರು ಅನ್ನೋದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸ್ತದೆ. ತಳಿಯ ಅಳತೆ ಹಟ್ಟಿಯ ಅಳತೆಯಂತೆ ಇತ್ತು.

ಹಾಗಾಗಿ ನನ್ನ ಮಾತು ಇಷ್ಟು. ಮೊದಲ ಸಲ ಸಾಕೋರು, ಬರೀ ಮನೆ ಬಾಡಿಗೆ ಅಂತಿದ್ದರೆ, ಬೆರಕೆ ತಳಿಯ ಎರಡು ತಿಂಗಳು ತುಂಬಿ ಹಾಲು ಬಿಟ್ಟ ಮರಿ ಎರಡು ತನ್ನಿ. ಒಂಟಿ ಮರಿ ಸರಿಯಾಗಿ ತಿನ್ನೋದಿಲ್ಲ. ಗಂಡಾದರೆ ಬೀಜ ಒಡೆಸಿರಬೇಕು, ಇಲ್ಲದಿದ್ದರೆ ಬಾಡು ವಾಸನೆ ಹೊಡೀತದೆ. ಒಂದು ಕೊಯ್ದು ಹಂಚಿ, ಒಂದು ಮಾರಿ ಮೇವಿನ ದುಡ್ಡು ತೆಗೀರಿ. ಮರಿ ಮಾಡಿಸೋ ಆಸೆ ಇದ್ದೋರು ಒಳ್ಳೇ ನಾಟಿ ಹೆಣ್ಣನ್ನು ಇಟ್ಟುಕೊಂಡು, ಗಂಡನ್ನು ಬೇರೆ ಕಡೆಯಿಂದ ತನ್ನಿ. ಒಡಹುಟ್ಟಿದವಕ್ಕೆ ಕೂಡಿಸಿದರೆ ಮರಿ ಸೊರಗ್ತವೆ. ಹೆಣ್ಣು ಇಪ್ಪತ್ತೊಂದು ದಿನಕ್ಕೊಂದು ಸಲ ಬೆದೆಗೆ ಬರ್ತದೆ. ಗಬ್ಬ ನೂರ ಹದಿನಾಲ್ಕು ದಿನ, ಬಾಯಿಲೆಕ್ಕದಲ್ಲಿ ಮೂರು ತಿಂಗಳು, ಮೂರು ವಾರ, ಮೂರು ದಿನ.

ಹಂದಿ ಜ್ವರದ ಲಸಿಕೆ ಎರಡು ಮೂರು ತಿಂಗಳಿಗೆ ಹಾಕಿಸಿ, ಆಮೇಲೆ ವರ್ಷಕ್ಕೊಂದು ಸಲ. ಆಫ್ರಿಕನ್ ಹಂದಿ ಜ್ವರ ಬೇರೆ. 2020ರಲ್ಲಿ ಅಸ್ಸಾಂ ಕಡೆ ಬಂತು, 2022ರಲ್ಲಿ ವಯನಾಡಿಗೂ ಬಂತು. ಮನುಷ್ಯರಿಗೆ ಏನೂ ಮಾಡೋದಿಲ್ಲ, ಆದರೆ ಗೂಡಿಗೆ ಗೂಡೇ ಖಾಲಿ ಆಗ್ತದೆ. ಹೋಟೆಲ್ಲು, ಮದುವೆ ಮನೆ ಮುಸುರೆ ತಂದರೆ ಚೆನ್ನಾಗಿ ಕುದಿಸದೆ ಹಾಕಬೇಡಿ. ಹೊಸ ಮರಿಯನ್ನು ಮೂರು ವಾರ ಬೇರೆ ಕಟ್ಟಿ. ಸತ್ತ ಹಂದಿಯನ್ನು ಕೆರೆಗೆ ಎಸೀದೆ ಆಳವಾಗಿ ಹೂಳಿ, ಮಂಡಲದ ಪಶು ಡಾಕ್ಟರಿಗೆ ತಿಳಿಸಿ.

ಕೊನೆಯದಾಗಿ

2012ರ ಜಾನುವಾರು ಗಣತಿಯಲ್ಲಿ ದೇಶದ ಹಂದಿಗಳು ಒಂದು ಕೋಟಿ ಮೂರು ಲಕ್ಷದ ಹತ್ತಿರ. 2019ಕ್ಕೆ ತೊಂಬತ್ತು ಲಕ್ಷದ ಚಿಲ್ಲರೆ. ಶೇಕಡಾ 12 ಇಳಿದವು. ಅದೇ ಹೊತ್ತಿಗೆ ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 100 ಹೆಣ್ಣು ಹಂದಿಯ ಫಾರಂ ಹಾಕಿದವರಿಗೆ ಶೇಕಡಾ 50 ಸಬ್ಸಿಡಿ, 30 ಲಕ್ಷದ ತನಕ. ಅಷ್ಟು ಜಾಗ, ಅಷ್ಟು ನೀರು, ಬ್ಯಾಂಕಿಗೆ ಇಡೋಕೆ ಪತ್ರ ಯಾರ ಹತ್ತಿರ ಐತೆ ಅಂತ ನಿಮಗೇ ಗೊತ್ತು. ನಿನ್ನೆವರೆಗೆ ಹಂದಿ ಅಂದರೆ ಉಗಿದವರು ನಾಳೆ ಫಾರಂ ಮಾಲೀಕರಾಗ್ತಾರೆ, ಸಾವಿರ ವರ್ಷ ಸಾಕಿದವರು ಅಲ್ಲಿ ಸಗಣಿ ಗುಡಿಸೋ ಕೂಲಿಗೆ ಹೋಗ್ತಾರೆ. ಇದಾಗಬಾರದು.

ಅದಕ್ಕೆ ಸಂಘದ ಮುಂದೆ ಎರಡು ಮಾತು ಇಡ್ತೀನಿ. ಒಂದು, ಆ ಇಂಗ್ಲೆಂಡಿನ ಬಡವರಂತೆ ನಾವೂ ಒಂದು ಹಂದಿ ನಿಧಿ ಮಾಡೋಣ. ಮರಿಗೆ ಇಷ್ಟು ಅಂತ ತಿಂಗಳಿಗೆ ಕಟ್ಟೋಣ, ಸತ್ತವರಿಗೆ ಹೊಸ ಮರಿ ಕೊಡೋಣ. ಕೊರಮರ ಪಾಳ್ಯದವರನ್ನೂ ಸೇರಿಸಿಕೊಳ್ಳೋಣ, ಹಂದಿಯ ವಿದ್ಯೆ ನಮಗಿಂತ ಅವರಿಗೆ ಜಾಸ್ತಿ ಗೊತ್ತು, ಅವರನ್ನು ಗುರು ಅಂತ ಕರೆದು ಕೇಳೋಣ. ಎರಡು, ನಮ್ಮ ಕರಿ ಹಂದಿಯನ್ನು ಬರೆದಿಡೋಣ. ಗೋವಾದ ಅಗೊಂಡದ ಹಂದಿಗೆ, ಬಂಗಾಳದ ಘುಂಗ್ರೂಗೆ ಕರ್ನಾಲದ ರಾಷ್ಟ್ರೀಯ ಸಂಸ್ಥೆಯ ಪಟ್ಟಿಯಲ್ಲಿ ತಳಿ ಅಂತ ಹೆಸರು ಸಿಕ್ಕಿದೆ. ಮೈಬಣ್ಣ ಏನು, ಕಿವಿ ಹೇಗೆ, ಎಷ್ಟು ಮರಿ ಹಾಕ್ತು, ಯಾವ ತಿಂಗಳಿಗೆ ಎಷ್ಟು ತೂಗ್ತು, ಸಾಕಿದವರು ಯಾರು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಹಟ್ಟಿಯ ಒಬ್ಬ ಹುಡುಗ, ಒಬ್ಬ ಹುಡುಗಿ ಬರೀತಾ ಹೋದರೆ ಸಾಕು. ನೇಕಾರ ಟೂಲಿಯ ಹಂದಿಗೆ ಒಂದು ಪುಸ್ತಕ ಇತ್ತು, ಅದಕ್ಕೇ ಅದು ಲೋಕಕ್ಕೆಲ್ಲ ಹೋಯಿತು. ನಮ್ಮದಕ್ಕೆ ಪುಸ್ತಕ ಇಲ್ಲ, ಅದಕ್ಕೇ ಅದು ಸಂತೇಲಿ ಬರೀ ಕರಿ ಹಂದಿ.

ಮುಂದಿನ ವಾರ್ಷಿಕೋತ್ಸವದ ಹೊತ್ತಿಗೆ ಆ ನೋಟ್‌ಬುಕ್ಕುಗಳನ್ನು ತನ್ನಿ. ಬಾಡೂಟದ ಎಲೆ ಮುಂದೆ ಕೂತು ಒಟ್ಟಿಗೆ ಓದೋಣ.